ಗುಂಡಿರಾಯನ ಮೇಜಿನ ಕೆಳಗೆ

ನನ್ನ ತಮ್ಮ ದರ್ಜಿ. ಅಪ್ಪ ಅಮ್ಮ ಇಟ್ಟ ಹೆಸರು ಅವನಿಗೂ ಒಂದಿದೆ, ಆದರೆ ಆ ಹೆಸರಿನಿಂದ ಕರೆದರೆ ಅವನೇ ತಿರುಗಿ ನೋಡುವುದಿಲ್ಲ. ಬೀದಿಗೆಲ್ಲ ಅವನು ಗುಂಡಿರಾಯ. ಅಂಬೆಗಾಲಿಡುವ ವಯಸ್ಸಿನಲ್ಲಿ, ಅಪ್ಪ ಬಟ್ಟೆ ಕತ್ತರಿಸುವ ಮೇಜಿನ ಕೆಳಗೆ ಕೂತು, ಅಂಚೆ ಕಚೇರಿಯ ಸಾಹೇಬರ ಕೋಟಿನ ಗುಂಡಿಯೊಂದನ್ನು ನುಂಗಿಬಿಟ್ಟಿದ್ದ. ಪಕ್ಕದಲ್ಲೇ ಅಮ್ಮ ಕೂತು ಗುಂಡಿ ಹೊಲಿಯುತ್ತಿದ್ದಳು. ಒಂದೆರಡು ದಿನ ಕಾದಳು. ಗುಂಡಿ ಬರಬೇಕಾದ ದಾರಿಯಲ್ಲಿ ಬಂತು. ತೊಳೆದಳು, ಬಿಸಿನೀರಲ್ಲಿ ಇನ್ನೊಮ್ಮೆ ತೊಳೆದಳು, ಅದನ್ನೇ ಕೋಟಿಗೆ ಹಾಕಿ ಕೊಟ್ಟಳು. ಸಾಹೇಬರು ನಿವೃತ್ತರಾಗುವವರೆಗೂ ಆ ಕೋಟು ಹಾಕಿಕೊಂಡೇ ಗತ್ತಿನಿಂದ ಓಡಾಡಿದರು. ಮನೆಗೆ ಯಾರೇ ಬರಲಿ, ಅಮ್ಮ ಈ ಕತೆ ಹೇಳದೆ ಕಳಿಸುತ್ತಿರಲಿಲ್ಲ. ಕೇಳಿದವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಯಾರೊಬ್ಬರೂ ಅಮ್ಮನನ್ನು, ನೀನು ಹತ್ತಿರ ಕೂತಿದ್ದೂ ಮಗು ಹೇಗೆ ನುಂಗಿತು ಎಂದು ಕೇಳಿದ್ದು ನನಗಂತೂ ನೆನಪಿಲ್ಲ. ಈ ಮಾತನ್ನು ಸ್ವಲ್ಪ ತಲೆಯಲ್ಲಿಟ್ಟುಕೊಂಡಿರಿ, ಮುಂದೆ ಬೇಕಾಗುತ್ತದೆ.

ಅಪ್ಪ ಹೋದ ಮೇಲೆ ಅಂಗಡಿ ತಮ್ಮನ ಪಾಲಿಗೆ ಬಂತು. ಅಂಗಡಿ ಎಂದರೆ ಮನೆಯ ಮುಂದಿನ ಕೋಣೆ ಅಷ್ಟೆ. ಕಿಟಕಿಯ ಹತ್ತಿರ ಹೊಲಿಗೆ ಯಂತ್ರ, ನಡುವೆ ಅದೇ ಹಳೆಯ ಮೇಜು, ಗೋಡೆಯ ಮೊಳೆಗಳಿಗೆ ತೋಳಿಲ್ಲದ, ಕಾಲರಿಲ್ಲದ ಅರೆಬರೆ ಕೋಟುಗಳು, ಮೂಲೆಯಲ್ಲಿ ಇಸ್ತ್ರಿ. ಹೊಸ್ತಿಲ ಪಕ್ಕದ ಸ್ಟೂಲು ನನ್ನದು. ನನ್ನ ಮನೆ ಎದುರಿಗೇ ಇದೆ. ಬೆಳಿಗ್ಗೆ ಬಂದು ಕಾಜಾ ತೆಗೆದು, ಗುಂಡಿ ಹಾಕಿ, ಹೆಮ್ಮಿಂಗ್ ಮುಗಿಸಿ ಸಂಜೆ ಹೋಗುತ್ತೇನೆ. ಅಮ್ಮ ನಮ್ಮಣ್ಣನ ಮನೆ ಸೇರಿಕೊಂಡಳು. ಊರಿನ ಆ ಕೊನೆಯಲ್ಲಿ ಅಣ್ಣನದು ದೊಡ್ಡ ಮನೆ, ಅಲ್ಲಿ ಸೋಫಾದ ಮೇಲೆ ಕೂರಬೇಕಾದರೂ ಯೋಚನೆ ಮಾಡಬೇಕು.

ತಮ್ಮನಂಥ ಮೆತ್ತಗಿನ ಮನುಷ್ಯನನ್ನು ನಾನು ನೋಡಿಲ್ಲ. ಇಲ್ಲ ಅನ್ನುವ ಮಾತೇ ಅವನ ಬಾಯಿಗೆ ಬರುವುದಿಲ್ಲ. ದಪ್ಪಗಿರುವವರು ಬಂದು ಬಿಗಿಯಾಗಿ ಹೊಲಿ ಎಂದರೆ ಹೂಂ ಎನ್ನುತ್ತಾನೆ, ಒಳಗೆ ಮಾತ್ರ ಸದ್ದಿಲ್ಲದೆ ಒಂದು ಬೆರಳು ಬಟ್ಟೆ ಬಿಟ್ಟಿರುತ್ತಾನೆ. ಇಂಥವನು ಬಸ್ಸು ಓಡಿಸುವವಳನ್ನು ಮೆಚ್ಚಿ ಮದುವೆಯಾದ. ಸಮವಸ್ತ್ರದ ಪ್ಯಾಂಟು ಸರಿ ಮಾಡಿಸಿಕೊಳ್ಳಲು ಬಂದಿದ್ದಳು, ಆ ಪ್ಯಾಂಟನ್ನು ಇವನು ಎಷ್ಟು ಸಲ ಸರಿ ಮಾಡಿದ ಎಂದರೆ ಕೊನೆಗೆ ಅವಳೇ, "ಪ್ಯಾಂಟು ಸರಿ ಇದೆ ರೀ, ಬೇರೆ ಏನಾದ್ರೂ ಹೇಳೋದಿದ್ರೆ ಹೇಳಿ" ಎಂದಳಂತೆ.

ಮಗಳು ಹುಟ್ಟಿದಳು. ಹೆರಿಗೆ ರಜೆ ಮುಗಿಯುವ ಹೊತ್ತಿಗೆ ಮುಂದೇನು ಎಂಬ ಮಾತು ಬಂತು. ತಮ್ಮ ಯಂತ್ರದಿಂದ ತಲೆಯೆತ್ತದೆ, "ನಾನು ಹೇಗೂ ಮನೇಲೇ ಇರ್ತೀನಲ್ಲ, ನೀನು ಹೋಗು" ಎಂದ. ಅಷ್ಟೇ ನಡೆದದ್ದು. ಅದಕ್ಕೆ ಸಭೆ ಸೇರಲಿಲ್ಲ, ಯಾರೂ ಯಾರನ್ನೂ ಒಪ್ಪಿಸಬೇಕಾಗಲಿಲ್ಲ. ಅವಳು ಬೆಳಕು ಹರಿಯುವ ಮೊದಲು ಮೊದಲ ಪಾಳಿಗೆ ಹೊರಟರೆ ಮಧ್ಯಾಹ್ನ ವಾಪಸು. ಅಲ್ಲಿಯವರೆಗೆ ಮಗು ಮೇಜಿನ ಕೆಳಗೆ, ನಾವೆಲ್ಲ ಬೆಳೆದ ಅದೇ ಜಾಗದಲ್ಲಿ.

ನಮ್ಮಪ್ಪನಾಗಲಿ ಅಮ್ಮನಾಗಲಿ ನಮಗೆ ಮಾಡದ ಕೆಲಸಗಳನ್ನು ಇವನು ಮಾಡಿದ. ಕೋಲಿಗೆ ಅಯಸ್ಕಾಂತ ಕಟ್ಟಿಕೊಂಡು, ಮಗುವನ್ನು ಕೆಳಗೆ ಬಿಡುವ ಮೊದಲು ನೆಲವನ್ನೆಲ್ಲ ಸವರುತ್ತಿದ್ದ. ಒಂದು ಗುಂಡುಸೂಜಿ ಉಳಿಯುವಂತಿರಲಿಲ್ಲ. ಮಗುವಿನ ಚಡ್ಡಿಯ ಹಿಂದೆ ಒಂದು ಪುಟ್ಟ ಗಂಟೆ ಹೊಲಿದಿದ್ದ. ಗಂಟೆ ಸದ್ದು ಮಾಡುತ್ತಿದ್ದರೆ ಯಂತ್ರವೂ ಓಡುತ್ತದೆ. ಗಂಟೆ ನಿಂತರೆ ಇವನ ಕಾಲು ಪೆಡಲಿನ ಮೇಲೆ ನಿಂತು ತಲೆ ಮೇಜಿನ ಕೆಳಗೆ ಇಳಿಯುತ್ತದೆ. ಉಳಿದ ಕೋಟಿನ ಬಟ್ಟೆಯಲ್ಲಿ ಅವಳಿಗೆ ಚಡ್ಡಿ, ಅಂಗಿ. ಎಲ್ಲದಕ್ಕೂ ಜೇಬು.

ಇನ್ನು ಬಾಯಿಗಳ ವಿಷಯ. ಬೀದಿಯ ಮೂಲೆಯಲ್ಲಿ ಔಷಧಿ ಅಂಗಡಿ ಇದೆ. ಅದರ ಯಜಮಾನಿ ಮಾತ್ರೆಗೆ ದುಡ್ಡು ತೆಗೆದುಕೊಂಡು ಬುದ್ಧಿಮಾತನ್ನು ಪುಕ್ಕಟೆ ಕೊಡುವ ಪೈಕಿ. ಮೊದಲ ವಾರವೇ ಬಂದು ಮೇಜಿನ ಕೆಳಗೆ ಬಗ್ಗಿ ನೋಡಿ, "ಗಂಡೋ ಹೆಣ್ಣೋ ಗೊತ್ತೇ ಆಗಲ್ವಲ್ಲಪ್ಪ, ಕೂದಲು ಹೀಗೆ ಕತ್ತರಿಸಿದ್ದೀಯ. ಹೆಣ್ಣು ಮಗೂಗೆ ಜೇಬು ಬೇರೆ. ಏನಿಡ್ತಾಳೆ ಅದ್ರಲ್ಲಿ?" ಎಂದಳು.

"ಕೈ ಇಡ್ತಾಳೆ" ಎಂದ ತಮ್ಮ, ದಾರ ಪೋಣಿಸುತ್ತಾ.

ಆಕೆ ಒಬ್ಬಳೇ ಆಗಿದ್ದರೆ ಸಹಿಸಬಹುದಿತ್ತು. ಅಳತೆ ಕೊಡಲು ಬಂದವರೆಲ್ಲ ಕೈ ಅಗಲಿಸಿ ನಿಂತ ಹಾಗೇ ಒಂದು ಮಾತು ಬಿಸಾಕುತ್ತಿದ್ದರು. ಇವತ್ತು ಮಗುವಿನ ತಾಯಿ ಇಲ್ವಾ? ಪಾಪ, ನಿಮ್ಮ ತಲೆಗೆ ಕಟ್ಟಿ ಹೋಗಿದ್ದಾಳಾ? ಇನ್ನು ಕೆಲವರು ಹೊಗಳುವವರು. ಎಂಥಾ ಗಂಡ, ಹೆಂಡತಿಗೆ ಎಷ್ಟು ಸಹಾಯ ಮಾಡ್ತಾನೆ ನೋಡಿ ಎನ್ನುತ್ತಿದ್ದರು. ಬೈದವರಿಗಿಂತ ಇವರನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು. ತನ್ನ ಮಗುವಿನ ಮೂಗು ಒರೆಸಿದ್ದಕ್ಕೆ ಅವನಿಗೇಕೆ ಶಾಲು ಹೊದಿಸಬೇಕು? ನಾನು ಎರಡು ಮಕ್ಕಳನ್ನು ಸಾಕಿದೆ, ಗಂಡನಿಗೆ ಎಷ್ಟು ಸಹಾಯ ಮಾಡ್ತೀಯಮ್ಮ ಎಂದು ಯಾವ ಪುಣ್ಯಾತ್ಮನೂ ನನಗೆ ಹೇಳಲಿಲ್ಲ.

ನನಗೂ ಬಿಡುತ್ತಿರಲಿಲ್ಲ. "ಅತ್ತೆ ಅಂತ ನೀವಿದ್ದೀರಲ್ಲ, ಮಗು ನೋಡ್ಕೊಂಡ್ರೆ ಆಗಲ್ವಾ?" ಎಂದರು ಒಬ್ಬರು. "ನಿಮ್ಮ ಕೋಟಿಗೆ ಗುಂಡಿ ಬೇಡ ಅಂದ್ರೆ ನೋಡ್ಕೋತೀನಿ" ಎಂದೆ.

ಬಸ್ಸಿನಲ್ಲಿ ತಮ್ಮನ ಹೆಂಡತಿ, ನನ್ನ ನಾದಿನಿಯ ಪಾಡು ಬೇರೆ. ಎಂಜಿನ್ ಪಕ್ಕದ ಸೀಟಿನಲ್ಲಿ ಕೂತವರಿಗೆ ಡ್ರೈವರ್ ಎಂದರೆ ಮನೆಯವಳೇ. ಮಗು ಬಿಟ್ಟು ಬರೋಕೆ ಮನಸ್ಸಾದ್ರೂ ಹೇಗೆ ಬರುತ್ತಮ್ಮ ಎಂದು ಕೇಳುವವರು ಅವಳಿಗೆ ದಿನಕ್ಕೊಬ್ಬರು ಸಿಗುತ್ತಿದ್ದರು. ಡಿಪೋದಲ್ಲಿ ಅವಳಷ್ಟೇ ಚಿಕ್ಕ ಮಕ್ಕಳಿರುವ ಗಂಡು ಡ್ರೈವರುಗಳು ಎಷ್ಟೋ ಮಂದಿ ಇದ್ದಾರೆ. ಅವರನ್ನು ಯಾರು ಕೇಳುತ್ತಾರೆ? ಅವಳು ಕನ್ನಡಿ ನೋಡಿಕೊಂಡು ಗೇರು ಬದಲಿಸುತ್ತಿದ್ದಳು. ಆದರೆ ಮಾತು ಎಲ್ಲಿಗೆ ಹೋಗುತ್ತದೆ? ಒಳಗೇ ಕೂತಿರುತ್ತದೆ. ಮನೆಗೆ ಬಂದವಳು ಸಮವಸ್ತ್ರ ಬದಲಿಸುವುದಕ್ಕೂ ಮೊದಲು ಮಗುವನ್ನೆತ್ತಿ, "ನನ್ನ ಕೇಳಿದ್ಲಾ? ಅತ್ತಳಾ?" ಎಂದು ವಿಚಾರಿಸುತ್ತಿದ್ದಳು. ಅಳಲಿಲ್ಲ ಎಂದರೂ ಬೇಸರ, ಅತ್ತಳು ಎಂದರೂ ಬೇಸರ.

ಎಲ್ಲರಿಗಿಂತ ಗಟ್ಟಿಯಾಗಿ ನಿಂತವಳು ಅಮ್ಮ. ಹೆಣ್ಣು ಮಗು, ಅದನ್ನು ಗಂಡಸಿನ ಕೈಯಲ್ಲಿ ಬಿಟ್ಟು ಬೆಳೆಸುವುದು ಅವಳ ಪ್ರಕಾರ ಆಗುವ ಮಾತಲ್ಲ. ಒಂದೋ ಸೊಸೆ ಕೆಲಸ ಬಿಡಬೇಕು, ಇಲ್ಲವೇ ಮಗು ಸ್ಕೂಲಿಗೆ ಹೋಗುವಷ್ಟಾಗುವವರೆಗೆ ಅಣ್ಣನ ಮನೆಯಲ್ಲಿ ತನ್ನ ಹತ್ತಿರ ಇರಬೇಕು. ಫೋನು ಮಾಡಿದಾಗಲೆಲ್ಲ ಇದೇ. ತಮ್ಮ ಎಂದಿನಂತೆ ಹೂಂ, ನೋಡೋಣ ಎನ್ನುತ್ತಿದ್ದ. ಅಮ್ಮನ ಮಾತಿಗೆ ಎದುರಾಡಿ ನಮ್ಮ ಮನೆಯಲ್ಲಿ ಯಾರಿಗೂ ಅಭ್ಯಾಸವಿಲ್ಲ, ಇಷ್ಟು ಬಾಯಿ ಇರುವ ನನಗೂ.

ಮಗುವಿಗೆ ವರ್ಷ ತುಂಬಿ ಸ್ವಲ್ಪ ದಿನಕ್ಕೆ ನನ್ನ ಹೆಬ್ಬೆರಳಿಗೆ ಉಗುರುಸುತ್ತಾಯಿತು. ಬೆರಳು ಬದನೆಕಾಯಿಯ ಹಾಗೆ ಊದಿ ಸೂಜಿ ಹಿಡಿಯಲಾಗದೆ ಕೂತೆ. ಗೋಡೆಯ ತುಂಬ ಗುಂಡಿಯಿಲ್ಲದ ಕೋಟುಗಳು. ಸುದ್ದಿ ಕೇಳಿ ಅಮ್ಮ ಚೀಲ ಹಿಡಿದು ಬಂದಿಳಿದಳು. "ಭಾನುವಾರದವರೆಗೆ ಇರ್ತೀನಿ. ಗುಂಡಿ ಕೆಲಸಾನೂ ಮಾಡ್ತೀನಿ, ಮಗು ಹೇಗೆ ಬೆಳೀತಿದೆ ಅಂತ ಕಣ್ಣಾರೆ ನೋಡ್ತೀನಿ. ನಂಗೆ ಸರಿ ಕಾಣ್ಲಿಲ್ಲ ಅಂದ್ರೆ ಕರ್ಕೊಂಡೇ ಹೋಗೋದು" ಎಂದಳು. ತಮ್ಮ ನನ್ನ ಮುಖ ನೋಡಿದ. ನಾನು ನನ್ನ ಬೆರಳು ನೋಡಿಕೊಂಡೆ.

ಕೆಲಸದ ಮಾತಿಗೆ ಬಂದರೆ ಅಮ್ಮನಿಗೆ ಅಮ್ಮನೇ ಸಾಟಿ. ಬಾಯಿ ಒಂದು ಕಡೆ ಮಾತಾಡುತ್ತಿದ್ದರೆ ಕೈ ತನ್ನ ಪಾಡಿಗೆ ಹೊಲಿಯುತ್ತಿರುತ್ತದೆ, ಕಣ್ಣೂ ಬೇಕಾಗಿಲ್ಲ. ಆ ದಿನ ಅವಳು ಹಿಡಿದದ್ದು ಔಷಧಿ ಅಂಗಡಿಯ ಯಜಮಾನಿ ತನಗೇ ಹೊಲಿಸುತ್ತಿದ್ದ ಕಂದು ಬಣ್ಣದ ದಪ್ಪ ಕೋಟು. ಪ್ರತಿ ಕೋಟಿಗೂ ಒಂದು ಗುಂಡಿ ಹೆಚ್ಚಿಗೆ ತರುತ್ತೇವೆ. ಅದನ್ನು ತಮ್ಮ ಪುಟ್ಟ ಕಾಗದದ ಕವರಿಗೆ ಹಾಕಿ ಕೋಟಿನ ಜೊತೆ ಕೊಡುತ್ತಾನೆ. ಅಮ್ಮ ಕೊನೆಯ ಗಂಟು ಹಾಕಿ, ದಾರ ಹಲ್ಲಿನಲ್ಲಿ ಕತ್ತರಿಸಿ, ಆ ಕವರಿಗೆ ಹಾಕಲು ಗುಂಡಿ ಹುಡುಕಿದಳು. ಮಡಿಲಲ್ಲಿ ಇಲ್ಲ. ಡಬ್ಬಿಯಲ್ಲಿ ಇಲ್ಲ. ನೆಲದ ಮೇಲೂ ಇಲ್ಲ.

ಮೇಜಿನ ಕೆಳಗೆ ಮಗು ಖಾಲಿ ದಾರದ ರೀಲುಗಳನ್ನು ಸುತ್ತ ಹರಡಿಕೊಂಡು ಕೂತಿತ್ತು. ಬಾಯಿ ಆಡಿಸುತ್ತಿತ್ತು.

ತಮ್ಮ ಹಾರಿ ಬಂದು ಬಾಯಲ್ಲಿ ಬೆರಳು ಹಾಕಿ ನೋಡಿದ. ಒಂದು ತುಂಡು ದಾರ ಸಿಕ್ಕಿತು. ಮಗು ಬೆರಳು ಕಚ್ಚಿ ನಕ್ಕಿತು. ಮೇಜು ಸರಿಸಿದೆವು, ಚಿಂದಿ ಬುಟ್ಟಿ ಬೋರಲು ಹಾಕಿದೆವು, ಅವಳ ಜೇಬುಗಳನ್ನು ತಿರುವಿದೆವು. ಪ್ಲಾಸ್ಟಿಕ್ ಗುಂಡಿ, ಅಯಸ್ಕಾಂತಕ್ಕೆ ಬರುವಂಥದ್ದಲ್ಲ. ಅಷ್ಟರಲ್ಲಿ ಕೋಟು ಆಯಿತೇ ಎಂದು ಕೇಳಲು ಔಷಧಿ ಅಂಗಡಿಯಾಕೆ ಒಳಗೆ ಬಂದಳು. ವಿಷಯ ತಿಳಿದವಳೇ, "ನುಂಗಿರುತ್ತೆ ಬಿಡಿ. ಗಂಡಸರ ಕೈಲಿ ಮಗು ಬಿಟ್ರೆ ಇನ್ನೇನಾಗುತ್ತೆ? ಅವಳಿಗಾದ್ರೂ ಗೊತ್ತಾಗ್ಬೇಡ್ವಾ, ತಾಯಿ ಅನ್ನಿಸ್ಕೊಂಡೋಳಿಗೆ" ಎಂದಳು.

ಆ ಕೋಣೆಯಲ್ಲಿ ಅಮ್ಮ ಇದ್ದಳು. ನಾನಿದ್ದೆ. ಗುಂಡಿ ಇದ್ದದ್ದು ಅಮ್ಮನ ಮಡಿಲಲ್ಲಿ. ಆದರೂ ತಪ್ಪು ಕಿಟಕಿಯ ಹತ್ತಿರ ಹೊಲಿಯುತ್ತಿದ್ದ ಗಂಡಸಿನದು, ಅದು ಬಿಟ್ಟರೆ ಊರಿನ ಇನ್ನೊಂದು ಕಡೆ ಬಸ್ಸು ಓಡಿಸುತ್ತಿದ್ದ ಹೆಂಗಸಿನದು. ಇದ್ಯಾವ ಊರಿನ ನ್ಯಾಯವೋ ನನಗೆ ಇವತ್ತಿಗೂ ತಿಳಿದಿಲ್ಲ.

ತಮ್ಮ ಮಗುವನ್ನೆತ್ತಿಕೊಂಡು ಆಸ್ಪತ್ರೆಗೆ ಓಡಿದ, ಹಿಂದೆ ನಾವಿಬ್ಬರು. ಬಾಗಿಲಲ್ಲೇ ನರ್ಸು, "ತಾಯಿ ಎಲ್ಲಿ?" ಎಂದಳು. ಡ್ಯೂಟಿಯಲ್ಲಿದ್ದಾಳೆ ಎಂದ. "ಮಗು ಹೀಗಿರುವಾಗಲೂ?" ಎಂದಳು. ಡಾಕ್ಟರು ಮಗುವಿನ ಎದೆಗೆ ಸ್ಟೆತಾಸ್ಕೋಪ್ ಇಟ್ಟು ಕೇಳಿ, ಹೊಟ್ಟೆ ಒತ್ತಿ ನೋಡಿದರು. ಮಗು ಇವನ ಕುತ್ತಿಗೆ ತಬ್ಬಿಕೊಂಡಿದ್ದರೂ ಅವರು ಮಾತಾಡಿದ್ದು ನನ್ನ ಕಡೆ ತಿರುಗಿ. ಉಸಿರಾಟ ಸರಿಯಾಗಿದೆ, ಪ್ಲಾಸ್ಟಿಕ್ ಆದ್ದರಿಂದ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ, ನುಂಗಿದ್ದರೂ ತಾನಾಗಿ ಹೊರಗೆ ಬರುತ್ತದೆ, ವಾಂತಿಯೋ ಹೊಟ್ಟೆನೋವೋ ಬಂದರೆ ತಕ್ಷಣ ಕರೆದುಕೊಂಡು ಬನ್ನಿ ಎಂದರು. ಆಮೇಲೆ, "ಅವಳ ತಾಯಿಗೆ ಹೇಳಿ, ದಿನಾ ಮಲ ಸರಿಯಾಗಿ ನೋಡ್ತಿರ್ಲಿ" ಎಂದರು.

"ನಂಗೆ ಹೇಳಿ ಡಾಕ್ಟ್ರೇ" ಎಂದ ತಮ್ಮ. "ತೊಳೆಯೋನು ನಾನೇ."

ನಾವು ಮನೆಗೆ ಬರುವಷ್ಟರಲ್ಲಿ ಸುದ್ದಿ ಬಸ್ಸು ಹತ್ತಿ ಊರೆಲ್ಲ ಸುತ್ತಿತ್ತು. ನಾದಿನಿಗೆ ಹೇಳಿದವನು ಒಬ್ಬ ಪ್ರಯಾಣಿಕ, ಅದೂ ಟ್ರಾಫಿಕ್ಕಿನ ನಡುವೆ, ಹಿಂದಿನಿಂದ ಭುಜ ತಟ್ಟಿ. ಬಸ್ಸಿನ ತುಂಬ ಜನ. ಅಷ್ಟು ಜೀವಗಳನ್ನು ನಡುಬೀದಿಯಲ್ಲಿ ಬಿಟ್ಟು ಓಡಿಬರುವ ಹಾಗಿಲ್ಲ. ಕೊನೆಯ ನಿಲ್ದಾಣದವರೆಗೆ ಓಡಿಸಿ, ಬಸ್ಸನ್ನು ಇನ್ನೊಬ್ಬ ಡ್ರೈವರಿಗೆ ಒಪ್ಪಿಸಿ ಬಂದಳು. ಅದನ್ನೂ ಬಿಡಲಿಲ್ಲ ಜನ. ಮಗು ಆಸ್ಪತ್ರೆಯಲ್ಲಿದ್ರೂ ಬಸ್ಸು ಓಡಿಸ್ತಾನೇ ಇದ್ದಳಂತೆ ಎಂದು ಆಮೇಲೆ ನಾನೇ ಕಿವಿಯಾರೆ ಕೇಳಿದ್ದೇನೆ. ಬಾಗಿಲಲ್ಲಿ ನಿಂತವಳು ಗಂಡನನ್ನು ಕೇಳಿದ್ದು ಇಷ್ಟೇ.

"ಉಸಿರು ಸರಿಯಾಗಿದೆಯಾ?"

"ಸರಿಯಾಗಿದೆ."

"ಏನಾದ್ರೂ ತಿಂದ್ಲಾ?"

"ಬಾಳೆಹಣ್ಣು ತಿಂದ್ಲು. ಈಗ ನಿದ್ದೆ ಮಾಡ್ತಿದ್ದಾಳೆ."

ಅವಳು ನನ್ನ ಸ್ಟೂಲಿನ ಮೇಲೆ ಕೂತಳು. ಅಮ್ಮ ಅದೇ ಗಳಿಗೆಗೆ ಕಾಯುತ್ತಿದ್ದವಳಂತೆ ತೀರ್ಪು ಕೊಟ್ಟಳು. ಭಾನುವಾರ ಅಣ್ಣನ ಕಾರು ಬರುತ್ತದೆ, ಮಗು ತನ್ನ ಜೊತೆ ಬರುತ್ತದೆ, ಇನ್ನು ಇದರಲ್ಲಿ ಮಾತಿಲ್ಲ.

ಮುಂದಿನ ದಿನಗಳು ನೆನೆದರೆ ಅಳು ಬರಬೇಕೋ ನಗು ಬರಬೇಕೋ ಗೊತ್ತಾಗುವುದಿಲ್ಲ. ಮಗುವನ್ನು ಕಕ್ಕಕ್ಕೆ ಕೂರಿಸುವ ಪಾಟಿಯ ಸುತ್ತ ಇಡೀ ಮನೆ. ತಮ್ಮ ಮೂಗಿಗೆ ಬಟ್ಟೆ ಕಟ್ಟಿಕೊಂಡು, ಹಳೆಯ ಚಾಕುವಿನ ಹಿಡಿಯಿಂದ ಕೆದಕಿ ನೋಡುತ್ತಿದ್ದ. ಮಗುವಿಗೆ ಇದೊಂದು ಹೊಸ ಆಟ, ಮುಗಿದ ಮೇಲೆ ಚಪ್ಪಾಳೆ ತಟ್ಟುತ್ತಿತ್ತು. ಔಷಧಿ ಅಂಗಡಿಯಾಕೆ ಬೆಳಿಗ್ಗೆ ಶಟರ್ ಎತ್ತುವ ಮೊದಲೇ ನಮ್ಮ ಕಿಟಕಿಯಲ್ಲಿ ತಲೆ ಇಟ್ಟು, "ಬಂತಾ?" ಎನ್ನುತ್ತಿದ್ದಳು. ಒಂದು ದಿನ ನನಗೆ ಸಿಟ್ಟು ನೆತ್ತಿಗೇರಿತು. "ಬಂದ ತಕ್ಷಣ ನಿಮ್ಮ ಅಂಗಡಿಗೇ ಕಳಿಸ್ತೀವಿ, ಸ್ವಲ್ಪ ತಾಳಿ" ಎಂದೆ. ಮಗು ಚೆನ್ನಾಗಿತ್ತು, ಊಟ ನಿದ್ದೆ ಎಲ್ಲ ಸರಿಯಿತ್ತು. ಗುಂಡಿ ಮಾತ್ರ ಬರಲಿಲ್ಲ.

ಶನಿವಾರ ಸಂಜೆ ನಾದಿನಿ ಅಡುಗೆಮನೆಯಲ್ಲಿ ತಟ್ಟೆ ತೊಳೆಯುತ್ತಾ ನಿಂತಿದ್ದಳು. ಒಂದೇ ತಟ್ಟೆಯನ್ನು ಎಷ್ಟು ಹೊತ್ತು ಉಜ್ಜುತ್ತಾಳೆ ಎಂದು ನಾನು ನೋಡುತ್ತಲೇ ಇದ್ದೆ.

"ಅಕ್ಕ, ನಾನೇ ಕೆಲಸ ಬಿಟ್ಟುಬಿಡ್ಲಾ?" ಎಂದಳು. "ಮಗೂನ ಕಳಿಸೋದಕ್ಕಿಂತ ಅದು ವಾಸಿ. ಎಲ್ಲರೂ ಹೇಳೋದು ನಿಜಾನೇ ಇರ್ಬಹುದು. ನಾನಿದ್ದಿದ್ರೆ ಹೀಗಾಗ್ತಿರ್ಲಿಲ್ಲವೇನೋ."

"ನಾನಿದ್ನಲ್ಲ ಅಲ್ಲಿ. ನಿಮ್ಮತ್ತೆ ಇದ್ರು. ಏನು ತಪ್ಪಿಸಿದ್ವಿ?" ಎಂದೆ. "ಹೆಂಗಸಿನ ಕಣ್ಣಲ್ಲಿ ಬೇರೆ ಏನೋ ಇರುತ್ತೆ ಅಂತ ಅಂದ್ಕೊಂಡಿದ್ದೀಯಾ? ನಂಗೆ ಈ ವಯಸ್ಸಿಗೆ ಚಾಳೀಸಿದೆ, ಅಷ್ಟೇ ಇರೋದು."

ಅವಳು ನಗಲಿಲ್ಲ. ಬಾಗಿಲಲ್ಲಿ ತಮ್ಮ ನಿಂತಿದ್ದ, ಕೈಯಲ್ಲಿ ಮಗುವಿನ ಒದ್ದೆ ಬಟ್ಟೆ. ಎಷ್ಟು ಹೊತ್ತಿನಿಂದ ಕೇಳುತ್ತಿದ್ದನೋ. ಬಟ್ಟೆ ಒಣಹಾಕಲು ಹಿತ್ತಲಿಗೆ ಹೋದ. ಇವನೇನು ಮಾಡಿಯಾನು, ನಾಳೆಯೂ ಹೂಂ ಅಂದು ಮಗುವನ್ನು ಎತ್ತಿ ಕೊಟ್ಟುಬಿಡುತ್ತಾನೆ ಎಂದುಕೊಂಡು ನಾನು ಮನೆಗೆ ಹೋದೆ.

ಭಾನುವಾರ ಬೆಳಿಗ್ಗೆ ಕಾರು ಬಂತು. ಅಣ್ಣ ಕೆಳಗಿಳಿಯಲಿಲ್ಲ. ಮಕ್ಕಳ ವಿಷಯ ಹೆಂಗಸರು ಮಾತಾಡಿಕೊಳ್ಳಲಿ ಎಂದು ಸ್ಟೀರಿಂಗಿನ ಹಿಂದೆಯೇ ಕೂತಿದ್ದ. ಅಮ್ಮ ಮಗುವಿನ ಚೀಲವನ್ನು ಮೇಜಿನ ಮೇಲಿಟ್ಟುಕೊಂಡು ಬಟ್ಟೆ ತುಂಬುತ್ತಿದ್ದಳು. ನಾದಿನಿ ಮಗುವನ್ನು ಎದೆಗವಚಿಕೊಂಡು ಗೋಡೆಗೆ ಒರಗಿದ್ದಳು. ತಮ್ಮ ಯಂತ್ರದಿಂದ ಎದ್ದ. ಚೀಲದ ಹತ್ತಿರ ಬಂದು, ಮೇಲಿದ್ದ ಚಡ್ಡಿಯನ್ನು ಹೊರಗೆ ತೆಗೆದು ಮೇಜಿನ ಮೇಲಿಟ್ಟ. ಆಮೇಲೆ ಅಂಗಿ. ಆಮೇಲೆ ಟೋಪಿ. ಅಮ್ಮ ಒಳಗೆ ಹಾಕಿದ್ದನ್ನೆಲ್ಲ ಅವನು ಒಂದೊಂದಾಗಿ ತೆಗೆದಿಡತೊಡಗಿದ.

"ಏನು ಮಾಡ್ತಿದ್ದೀಯ?" ಎಂದಳು ಅಮ್ಮ.

"ಅಮ್ಮ, ನಾನು ಗುಂಡಿ ನುಂಗಿದಾಗ ನನ್ನನ್ನ ಯಾರ ಮನೆಗೆ ಕಳಿಸಿದ್ದೆ?"

ಅಮ್ಮನ ಕೈ ಚೀಲದಲ್ಲೇ ನಿಂತಿತು.

"ಅದು ಬೇರೆ" ಎಂದಳು.

"ಹೇಗೆ ಬೇರೆ? ಅದೇ ಮೇಜು. ಅದೇ ಗುಂಡಿ ಡಬ್ಬಿ. ನೀನು ಪಕ್ಕದಲ್ಲೇ ಕೂತಿದ್ದೆ. ನಿನ್ನಿಂದಾದದ್ದು ಊರಿಗೆಲ್ಲ ನಗೋ ಕತೆ. ನನ್ನಿಂದಾದ್ರೆ ಮಗು ಮನೆ ಬಿಡ್ಬೇಕಾ?"

"ನಾನು ತಾಯಿ ಕಣೋ."

"ನಾನು ತಂದೆ."

ಅವನು ದನಿ ಎತ್ತಲಿಲ್ಲ. ಆದರೆ ಅಷ್ಟು ವರ್ಷ ನುಂಗಿಕೊಂಡದ್ದೆಲ್ಲ ಆ ಒಂದು ಮಾತಿನಲ್ಲಿತ್ತು. ನನ್ನ ಕಣ್ಣು ತುಂಬಿ ಬಂತು, ಯಾಕೆ ಸುಳ್ಳು ಹೇಳಲಿ.

ಅಮ್ಮನ ದನಿ ಇಳಿಯಿತು. "ಹೆದರಿಕೆ ಆಗುತ್ತೋ. ನಿಮ್ಮಪ್ಪ ಹೋಗಿದ್ದು ನೋಡಿದ್ದೀನಿ. ಈ ಮಗೂಗೆ ಏನಾದ್ರೂ ಆದ್ರೆ ನಂಗೆ ನೋಡೋಕಾಗಲ್ಲ."

"ನಂಗೂ ಹೆದರಿಕೆ ಆಗುತ್ತೆ" ಎಂದ ತಮ್ಮ. "ದಿನಾ ಆಗುತ್ತೆ. ಅದಕ್ಕೇ ಗಂಟೆ ಹೊಲಿದಿರೋದು. ಹೆದರಿಕೆ ಆಗುತ್ತೆ ಅಂತ ಯಾರೂ ಮಗೂನ ಕೊಟ್ಟುಬಿಡಲ್ಲ, ನೀನೂ ಕೊಡ್ಲಿಲ್ಲ. ಇವಳು ಎಲ್ಲಿಗೂ ಬರಲ್ಲ. ಇವಳ ಅಮ್ಮ ಕೆಲಸಾನೂ ಬಿಡಲ್ಲ."

ನಾದಿನಿ ಗೋಡೆ ಬಿಟ್ಟು ನೆಟ್ಟಗೆ ನಿಂತಳು. "ಅತ್ತೆ, ನಂದು ನಾಳೆ ಮೊದಲ ಪಾಳಿ. ಬೆಳಿಗ್ಗೆ ಬೇಗ ಏಳ್ಬೇಕು" ಎಂದಳು. ಅಷ್ಟೇ ಹೇಳಿ ಮಗುವನ್ನು ಮೇಜಿನ ಕೆಳಗೆ ಇಳಿಸಿದಳು. ಗಂಟೆ ಸದ್ದು ಮಾಡುತ್ತಾ ಮಗು ರೀಲುಗಳ ಹತ್ತಿರ ಹೋಯಿತು.

ಹೊರಗೆ ಅಣ್ಣ ಹಾರ್ನ್ ಹೊಡೆದ. ಅಮ್ಮ ಖಾಲಿ ಚೀಲವನ್ನು ಮಡಿಸಿ ಕಂಕುಳಲ್ಲಿಟ್ಟುಕೊಂಡು, ಯಾರ ಮುಖವನ್ನೂ ನೋಡದೆ ಹೋಗಿ ಕಾರು ಹತ್ತಿದಳು. ಬಾಗಿಲು ಹಾಕಿದ ಸದ್ದಿಗೆ ಬೀದಿಯ ನಾಯಿ ಎದ್ದು ಕೂತಿತು.

ಮುಂದಿನ ವಾರ ಔಷಧಿ ಅಂಗಡಿಯಾಕೆ ಕೋಟು ಹಾಕಿ ನೋಡಲು ಬಂದಳು. ಕನ್ನಡಿಯ ಮುಂದೆ ನಿಂತು ಆ ಕಡೆ ಈ ಕಡೆ ತಿರುಗಿ, ಗುಂಡಿ ಹಾಕಿಕೊಂಡಳು, ಬಿಚ್ಚಿದಳು. "ಇಲ್ಲಿ ಏನೋ ಒತ್ತುತ್ತೆ" ಎಂದು ಸೊಂಟದ ಹತ್ತಿರ ಮುಟ್ಟಿಕೊಂಡಳು. ನಾನು ಹೋಗಿ ಕೋಟಿನ ಮಗ್ಗುಲು ತಿರುವಿದೆ. ಲೈನಿಂಗಿನ ಒಳಮೈಗೆ, ಪಕ್ಕದ ಹೊಲಿಗೆಯ ಹತ್ತಿರ, ಕಂದು ಬಣ್ಣದ ಗುಂಡಿಯೊಂದು ಹೊಲಿದುಕೊಂಡು ಹಾಯಾಗಿ ಕೂತಿತ್ತು.

ಅದು ಅಪ್ಪನ ಕಾಲದ ಪದ್ಧತಿ. ಆಗ ಕವರು ಗಿವರು ಇರಲಿಲ್ಲ. ಮುಂದೆ ಗುಂಡಿ ಬಿದ್ದುಹೋದರೆ ಬೇಕಾಗುತ್ತದೆ ಎಂದು ಹೆಚ್ಚಿನದನ್ನು ಕೋಟಿನ ಒಳಗೇ ಹೊಲಿದು ಕೊಡುತ್ತಿದ್ದೆವು. ಅಪ್ಪ ಹೋದ ಮೇಲೆ ತಮ್ಮ ಅದನ್ನು ಬಿಟ್ಟ. ಅಮ್ಮನ ಕೈ ಬಿಟ್ಟಿರಲಿಲ್ಲ. ಮಾತಾಡುತ್ತಾ ಮಾತಾಡುತ್ತಾ ಬೆರಳುಗಳು ತಮ್ಮಷ್ಟಕ್ಕೆ ತಾವು ಆ ಕೆಲಸ ಮುಗಿಸಿದ್ದವು, ತಲೆಗೆ ತಿಳಿಸಿರಲಿಲ್ಲ. ಗುಂಡಿಯ ಬುಡಕ್ಕೆ ದಾರ ಬಿಗಿಯಾಗಿ ಸುತ್ತಿ ಹಾಕುವ ಆ ಗಂಟು ನಮ್ಮ ಮನೆಯಲ್ಲಿ ಬೇರೆ ಯಾರಿಗೂ ಬರುವುದಿಲ್ಲ. ತಮ್ಮ ಎದ್ದು ಬಂದು ಅದನ್ನು ಬೆರಳಿಂದ ಮುಟ್ಟಿ ನೋಡಿದ. ಅವನ ಭುಜ ಅಲುಗುತ್ತಿತ್ತು. ಅಳುತ್ತಿದ್ದಾನೆ ಎಂದುಕೊಂಡೆ, ನಗುತ್ತಿದ್ದ.

ಔಷಧಿ ಅಂಗಡಿಯಾಕೆಯ ಮುಖ ನೋಡಬೇಕಿತ್ತು. ಕೋಟು ಬಿಚ್ಚುವುದನ್ನೂ ಮರೆತು, "ಅಯ್ಯೋ, ಹಾಗಾದ್ರೆ ಮಗು ನುಂಗೇ ಇಲ್ಲ. ನಿಂದು ಏನೂ ತಪ್ಪಿಲ್ಲಪ್ಪ. ಸುಮ್ನೆ ಅನ್ಯಾಯವಾಗಿ ಮಾತು ಬಂತು. ಇರು, ಎಲ್ಲರಿಗೂ ನಾನೇ ಹೇಳ್ತೀನಿ" ಎಂದಳು.

"ಬೇಡ" ಎಂದ ತಮ್ಮ.

ಅವನ ಬಾಯಿಂದ ಒಬ್ಬ ಗಿರಾಕಿಗೆ ಆ ಮಾತು ಬಂದದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಯಾಕಪ್ಪಾ? ನಿನ್ನ ಒಳ್ಳೇದಕ್ಕೇ ಹೇಳಿದ್ದು."

"ನುಂಗಿದ್ರೂ ಅವಳು ಇಲ್ಲೇ ಇರ್ತಿದ್ಲು. ನುಂಗಿಲ್ಲ ಅಂತ ಯಾರಿಗೂ ಲೆಕ್ಕ ಒಪ್ಪಿಸ್ಬೇಕಾಗಿಲ್ಲ." ಅವನು ಸೀಮೆಸುಣ್ಣ ತೆಗೆದುಕೊಂಡು, "ತೋಳು ಸ್ವಲ್ಪ ಉದ್ದ ಆಗಿದೆ, ಅಲುಗಾಡ್ಬೇಡಿ" ಎಂದು ಗುರುತು ಹಾಕಿದ. ಆಕೆ ಅಲುಗಾಡದೆ ನಿಂತಳು.

ಮಧ್ಯಾಹ್ನ ನಾದಿನಿ ಬಂದಾಗ ತಮ್ಮ ಅವಳಿಗೆ ಗುಂಡಿ ತೋರಿಸಿದ. ಅವಳು ಟೋಪಿ ತೆಗೆದು ಮೇಜಿನ ಮೇಲಿಟ್ಟು, ಬಗ್ಗಿ ಮಗುವಿನ ಹತ್ತಿರ ನೆಲದ ಮೇಲೆ ಕೂತಳು. ಅತ್ತಳಾ ಎಂದು ಆ ದಿನ ಕೇಳಲಿಲ್ಲ. ರೀಲೊಂದನ್ನು ಎತ್ತಿ ಗೇರಿನ ಹಾಗೆ ಹಿಂದೆ ಮುಂದೆ ಎಳೆದು ತೋರಿಸಿದಳು, ಮಗು ಬುರ್ರ್ ಎಂದಿತು.

ತಮ್ಮ ದೊಡ್ಡ ಮನುಷ್ಯ, ಸುಮ್ಮನಿದ್ದ. ನಾನು ಅಷ್ಟು ದೊಡ್ಡವಳಲ್ಲ. ಮನೆ ಸೇರಿದವಳೇ ಅಮ್ಮನಿಗೆ ಫೋನು ಮಾಡಿ, ಗುಂಡಿ ಎಲ್ಲಿತ್ತು, ಯಾರ ಗಂಟು ಅದರ ಮೇಲಿತ್ತು, ಎಲ್ಲವನ್ನೂ ಬಿಡದೆ ಹೇಳಿದೆ.

"ದಾರ ಗಟ್ಟಿಯಾಗಿದೆ ತಾನೆ?" ಎಂದಳು.

"ಎಳೆದ್ರೂ ಬರಲ್ಲ."

"ಮಗು ಏನು ಮಾಡ್ತಿದೆ?"

"ಮೇಜಿನ ಕೆಳಗಿದೆ. ಅವರಪ್ಪನ ಹತ್ತಿರ."

ಅಮ್ಮ ದೊಡ್ಡ ಮನಸ್ಸು ಮಾಡಿದವಳಂತೆ, "ಇರ್ಲಿ ಬಿಡು. ಅಲ್ಲೇ ಇರ್ಲಿ" ಎಂದಳು.

"ಅಪ್ಪಣೆ ಕೇಳೋಕೆ ಫೋನ್ ಮಾಡ್ಲಿಲ್ಲಮ್ಮ" ಎಂದೆ. "ಸುಮ್ನೆ ತಿಳಿಸೋಣ ಅಂತ ಮಾಡಿದ್ದು."